ಕುದುರೆಯ ಮುಖ

ಕುದುರೆ ಸವಾರಿಗೂ ನಮ್ಮ ಮನೆತನಕ್ಕೂ ಮೂರು ತಲೆಮಾರಿನ ಸಂಬಂಧವುಂಟೆಂದು ಹೇಳಿದರೆ ವಾಚಕರು ನಮ್ಮನ್ನು ಪಾಳೆಯಗಾರರ ವಂಶದವರೆಂದು ತಿಳಿದಾರು. ಹಾಗೇನೂ ಇಲ್ಲ. ನಮ್ಮ ತಾತನವರು ಮೂಡಿಗೆರೆಯ ಸೀಮೆಯಲ್ಲಿ ಬಿಳಿಯ ದೊರೆಯೊಬ್ಬನ ಕಾಫಿ ತೋಟದಲ್ಲಿ ರೈಟರಾಗಿದ್ದರು. ಅದು ೧೯೩೦ರ ಈಚಿನ ಮಾತು. ದೊರೆಯು ಬೆಳಗ್ಗೆ ಕುದುರೆಯೇರಿ ತೋಟ ನೋಡಲು ಹೊರಟರೆ, ತಾತನವರು ಹಾಜರಿ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು, ಕೊಡೆಯನ್ನು ಕೈಯಲ್ಲಿ ಹಿಡಿದು, ಅದರ ಹಿಂದೆ ನಡೆಯಬೇಕು. ಕುದುರೆ ನಡೆದರೆ ಇವರೂ ನಡೆಯಬೇಕು. ಕುದುರೆ ಓಡಿದರೆ ಇವರೂ ಓಡಬೇಕು. ದೊರೆಯು ಹಿಂದಿರುಗಿ ನೋಡದೆಯೇ ಹೆಗಲ ಮೇಲಿಂದ ಎಸೆಯುತ್ತಿದ್ದ ಅಪ್ಪಣೆಗಳನ್ನು ಓಡುತ್ತಲೇ ಬರೆದುಕೊಳ್ಳಬೇಕು.

"ನಾನು ಕುದುರೆಯ ಬಾಲವನ್ನು ನೋಡಿದಷ್ಟು ಅದರ ಮುಖವನ್ನು ನೋಡಲಿಲ್ಲ, ಮಗು" ಎಂದು ಮುಪ್ಪಿನಲ್ಲಿ ಅವರು ನಮಗೆ ಹೇಳಿ ನಗುತ್ತಿದ್ದರು. ಅವರು ನಗುತ್ತಿದ್ದರೇ ಹೊರತು ನಮ್ಮ ತಂದೆಯವರು ನಗುತ್ತಿರಲಿಲ್ಲ. ನಮ್ಮ ಮನೆಯವರೂ ಒಂದು ದಿನ ಆ ತೋಟಗಳ ನಡುವೆ ಕುದುರೆಯ ಮೇಲೆ ಕುಳಿತು ಹೋಗಬೇಕೆಂಬುದು ಅವರ ಹಟ. ಆದರೆ ಸ್ಕೂಲು ಮೇಷ್ಟರ ಸಂಬಳದಲ್ಲಿ ಕುದುರೆಯೆಲ್ಲಿಂದ ಬರಬೇಕು? ಅವರು ಕಡೆಯವರೆಗೂ ಒಂದು ಹಳೆಯ ಬೈಸಿಕಲ್ಲನ್ನೇ ತುಳಿದರು. ಹಟವು ಮಾತ್ರ ಮನೆ ಸಾಮಾನುಗಳೊಂದಿಗೆ ನನ್ನ ಪಾಲಿಗೆ ಬಂದಿತು.

ಹೀಗಿರಲು, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗಳು ಫಾಲ್ಗುಣ ಮಾಸದಲ್ಲಿ ಒಂದು ಸುದ್ದಿ ತಂದಳು. ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ಹಾದಿಯ ಒಂದು ತೋಟದ ಮನೆಯಲ್ಲಿ ಪ್ರವಾಸಿಗಳನ್ನು ಕುದುರೆಯ ಮೇಲೆ ಕೂರಿಸಿ, ದಾರಿ ತೋರಿಸುವವನನ್ನು ಜೊತೆಗೆ ಕೊಟ್ಟು, ತೋಟವನ್ನೂ ಗುಡ್ಡವನ್ನೂ ಸುತ್ತಿಸಿಕೊಂಡು ಬರುತ್ತಾರಂತೆ. ನನಗೆ ಅರುವತ್ತೆರಡು ವರ್ಷ. "ನಿಮಗೇನು ಹೇಳಲಿ! ಮೂಳೆ ಮುರಿದುಕೊಂಡರೆ ಗಂಜಿ ಕಾಯಿಸುವವಳು ನಾನಲ್ಲವೆ?" ಎಂದು ನನ್ನ ಹೆಂಡತಿ ಅಂದಳು. ಆದರೂ ನಾವಿಬ್ಬರೂ ಹೊರಟೆವು.

ನಿಜವನ್ನು ಹೇಳುವುದಾದರೆ ಮಲೆನಾಡು ಕುದುರೆಯ ನಾಡಲ್ಲ. ಘಟ್ಟದ ಮೇಲಿನ ಅಕ್ಕಿ ಮೆಣಸುಗಳು ಕೆಳಕ್ಕೆ ಇಳಿಯುತ್ತಿದ್ದುದೂ, ಕರಾವಳಿಯ ಉಪ್ಪು ಮೇಲಕ್ಕೆ ಏರುತ್ತಿದ್ದುದೂ ಹೇರೆತ್ತುಗಳ ಬೆನ್ನ ಮೇಲೆ. ಬಾಬಾ ಬುಡನ್ ಎಂಬ ಸಾಧುಗಳು ೧೭ನೆಯ ಶತಮಾನದಲ್ಲಿ ಅರಬ್ಬೀ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು ಎಲ್ಲರೂ ಬಲ್ಲ ಐತಿಹ್ಯ. ಬಹುಕಾಲ ಹಿತ್ತಿಲ ಗಿಡವಾಗಿದ್ದ ಆ ಕಾಫಿಯು ಐರೋಪ್ಯರ ಕಣ್ಣಿಗೆ ಬಿದ್ದುದು ಆಮೇಲೆ. ೧೮೩೦ರ ಸುಮಾರಿಗೆ ಕ್ಯಾನನ್ ಎಂಬಾತನು ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ದೊಡ್ಡದಾಗಿ ತೋಟ ಹಾಕಿದನು. ಮಂಜರಾಬಾದಿನ ಸೀಮೆಯಲ್ಲಿ ನೆಲೆಸಿದ ರಾಬರ್ಟ್ ಎಲಿಯಟ್ಟನು ಮೈಸೂರಿನ ಚಿನ್ನ, ಬೇಟೆ, ಕಾಫಿ ಇವುಗಳ ವಿಷಯವಾಗಿ ೧೮೯೪ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದನು. ಗಾಡಿಯ ದಾರಿಯಿಲ್ಲದ ಕಾಡಿನಲ್ಲಿ ಇಂಥವರಿಗೆಲ್ಲ ಕುದುರೆಯೇ ಕಾಲು. ಜೀಪುಗಳು ಬಂದ ಮೇಲೆ ಲಾಯಗಳೆಲ್ಲ ವಾಹನ ನಿಲ್ಲಿಸುವ ಕೊಟ್ಟಿಗೆಗಳಾದುವು. ದೊರೆಗಳೊಡನೆ ಹೊರಟುಹೋದ ಕುದುರೆಯು ಈಗ ಪ್ರವಾಸಿಗಳ ನಿಮಿತ್ತವಾಗಿ ಅಲ್ಲೊಂದು ಇಲ್ಲೊಂದು ಮರಳಿ ಬಂದಿದೆ.

ನಾವು ಹೋದ ಕಾಲವು ಬಹಳ ಚೆನ್ನಾಗಿತ್ತು. ಒಂಬತ್ತು ದಿನಗಳ ಹಿಂದೆ ಹೂಮಳೆ ಬಿದ್ದಿತ್ತಂತೆ. ಮಾಗಿಯ ಒಣಹವೆಯಲ್ಲಿ ಬಿಗಿದುಕೊಂಡಿರುವ ಕಾಫಿಯ ಮೊಗ್ಗು ಆ ಒಂದು ಮಳೆಗಾಗಿ ಕಾದಿದ್ದು, ನೀರು ಸೋಂಕಿದ ಎಂಟು ಹತ್ತು ದಿನಗಳಲ್ಲಿ ಒಟ್ಟಿಗೇ ಅರಳುತ್ತದೆ. ಮಳೆ ತಪ್ಪಿದರೆ ಆ ವರ್ಷದ ಫಸಲೂ ತಪ್ಪಿತು. ಇಡೀ ಇಳಿಜಾರಿಗೆ ಯಾರೋ ಹಾಲು ಚೆಲ್ಲಿದಂತಿತ್ತು. ಮಲ್ಲಿಗೆಯನ್ನು ಹೋಲುವ ಪರಿಮಳವು ಗಂಟಲಿಗೆ ಇಳಿಯುವಷ್ಟು ದಟ್ಟವಾಗಿತ್ತು. ಈ ಸೊಬಗು ಮೂರು ನಾಲ್ಕು ದಿನಗಳದು ಮಾತ್ರ.

ದಾರಿ ತೋರಿಸುವವನು ಇಪ್ಪತ್ತೈದು ವರ್ಷದ ಸಣಕಲು ಯುವಕ. ಕುದುರೆ ಎರಡೇ. ಅವನು ಕಾಲ್ನಡಿಗೆಯಲ್ಲಿಯೇ ಬರತಕ್ಕವನು. ಮೊದಲು ಅವನು ನಮ್ಮ ತೂಕವನ್ನು ಕೇಳಿದನು. ಜೀನೂ ಸೇರಿ, ಕುದುರೆಯ ತೂಕದ ಐದರಲ್ಲೊಂದು ಪಾಲಿಗಿಂತ ಹೆಚ್ಚು ಭಾರವನ್ನು ಅದರ ಮೇಲೆ ಹೇರಬಾರದಂತೆ. ನನ್ನ ತೂಕ ೭೮ ಕಿಲೋ. ಮಗಳ ಮುಂದೆ ಸಂಕೋಚವಾಗಿಯೂ, ಎಲ್ಲಿ ಬೇಡವೆಂದುಬಿಡುವನೋ ಎಂಬ ಭಯದಿಂದಲೂ "೭೨" ಎಂದೆನು. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಏನೂ ಅನ್ನದೆ, ರಾಣಿ ಎಂಬ ಕಂದುಬಣ್ಣದ ದೊಡ್ಡ ಹೆಣ್ಣು ಕುದುರೆಯನ್ನು ತಂದನು. ಮಗಳಿಗೆ ಒಂದು ತಟ್ಟು ಸಿಕ್ಕಿತು.

ಕುದುರೆಯನ್ನು ಎಡಗಡೆಯಿಂದ ಏರಬೇಕು. ಸೊಂಟದ ಎಡಕ್ಕೆ ಕತ್ತಿ ಕಟ್ಟುತ್ತಿದ್ದವರ ಕಾಲದಿಂದ ಬಂದ ವಾಡಿಕೆಯಿದು ಎನ್ನುತ್ತಾರೆ. ಕತ್ತಿಯಿಲ್ಲದ ನಾನು ಒಂದು ಕಲ್ಲುಕಟ್ಟೆಯ ಮೇಲೆ ನಿಂತು, ರಿಕಾಬಿನಲ್ಲಿ ಕಾಲಿಟ್ಟು, ಅವನ ಹೆಗಲನ್ನು ಊರಿಕೊಂಡು, ಮೂರನೆಯ ಪ್ರಯತ್ನಕ್ಕೆ ಮೇಲೆ ಕುಳಿತೆನು. ಲಗಾಮು ಹಿಡಿಯಲು ಎರಡು ಕೈಯೂ ಬೇಕಾದುದರಿಂದ ನನ್ನ ಕೊಡೆಯನ್ನೂ ಚೀಲವನ್ನೂ ಅವನ ಕೈಗೆ ಕೊಟ್ಟೆನು.

ಮೊದಲ ಅರ್ಧ ಗಂಟೆ ನಾನು ಕುದುರೆಯ ಕಿವಿಗಳೆರಡನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಅನಂತರ ಸೊಂಟವು ಅದರ ನಡಿಗೆಗೆ ಹೊಂದಿಕೊಂಡಿತು. ಆಗ ತಲೆಯೆತ್ತಿದೆನು. ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿಗಳು ಹಬ್ಬಿದ್ದುವು. ಹಲಸು ಅತ್ತಿ ಮರಗಳ ನೆರಳಿನಲ್ಲಿ ಬಿಳಿಯ ಹೂವಿನ ಸಾಲುಗಳು ಕೆಳಗಿನ ಹಳ್ಳದವರೆಗೂ ಇಳಿದಿದ್ದುವು. "ಗಿಡ ಸವರಬೇಡಿ ಸಾರ್, ಹೂವು ಉದುರುತ್ತೆ" ಎಂದು ಯುವಕನು ಹಗ್ಗ ಹಿಡಿದು ಕುದುರೆಯನ್ನು ದಾರಿಯ ನಡುವಿಗೆ ತರುತ್ತಿದ್ದನು. ಅರಾಬಿಕಾ ತನ್ನ ಹೂವಿನಿಂದಲೇ ಕಾಯಿ ಕಟ್ಟಬಲ್ಲುದೆಂದೂ, ರೊಬಸ್ಟಾಕ್ಕೆ ಬೇರೊಂದು ಗಿಡದ ಪರಾಗವು ಗಾಳಿಯಿಂದಲೋ ಜೇನಿನಿಂದಲೋ ಬರಬೇಕೆಂದೂ ಅವನು ತಿಳಿಸಿದನು. ತೋಟವೆಲ್ಲ ಜೇನಿನ ಝೇಂಕಾರದಿಂದ ತುಂಬಿತ್ತು. ನಾನು ಎತ್ತರದಲ್ಲಿ ಕುಳಿತು ತಲೆದೂಗುತ್ತಿದ್ದೆನು. ಸತ್ಯವಾಗಿ ಹೇಳುತ್ತೇನೆ, ಆ ಗಳಿಗೆಯಲ್ಲಿ ತಾತನವರೂ ತಂದೆಯವರೂ ಎಲ್ಲಿಂದಲೋ ನೋಡುತ್ತಿರುವರೆಂದು ನನಗೆ ಅನ್ನಿಸಿತು.

ತೋಟವು ಮುಗಿದು ಹುಲ್ಲುಗುಡ್ಡವು ಮೊದಲಾಯಿತು. ಇನ್ನೊಂದು ಮೈಲಿ ಏರಿದರೆ ನೆತ್ತಿ. ಅಲ್ಲಿಂದ ಕುದುರೆಮುಖದ ಸಾಲು ಕಾಣುತ್ತದೆಂದು ಅವನು ಹೇಳಿದನು. ಕುದುರೆಯ ಮೇಲೆ ಕುಳಿತು ಕುದುರೆಮುಖವನ್ನು ನೋಡುವುದು! ನನ್ನ ಉತ್ಸಾಹವು ಮಿತಿ ಮೀರಿತು. "ಹಗ್ಗ ಬಿಡಪ್ಪ, ನಾನೇ ನಡೆಸುತ್ತೇನೆ" ಎಂದೆನು. ಅವನು ಮನಸ್ಸಿಲ್ಲದೆ ಬಿಟ್ಟನು. ನಾನು ಹಿಮ್ಮಡಿಯಿಂದ ಒಂದೆರಡು ಸಲ ಒತ್ತಿದೆನು. ರಾಣಿಯು ಕುಕ್ಕುಲೋಟದಲ್ಲಿ ನೂರು ಮಾರು ಹೋಗಿ, ಮುಗ್ಗರಿಸಿ, ಮತ್ತೆ ನಡೆಯುವಾಗ ತಲೆಯನ್ನು ಒಂದು ಹೆಜ್ಜೆಗೊಮ್ಮೆ ಮೇಲೆತ್ತತೊಡಗಿತು.

"ಸಾರ್, ನಿಲ್ಲಿಸಿ! ಇಳೀರಿ" ಎಂದು ಅವನು ಏದುತ್ತ ಓಡಿಬಂದನು. ಬಲ ಮುಂಗಾಲನ್ನು ಮಡಿಸಿ ತೋರಿಸಿದನು. ಲಾಳವು ಎರಡು ಮೊಳೆಗಳ ಮೇಲೆ ಜೋತಾಡುತ್ತಿತ್ತು. ಚೀಲದಿಂದ ಇಕ್ಕಳ ತೆಗೆದು ಅದನ್ನು ಬಿಡಿಸಿದನು. "ಮುಂದೆ ಹೋಗೋಕಾಗಲ್ಲ ಸಾರ್. ಎಲ್ಲಾ ಚೂಪು ಕಲ್ಲು. ಗೊರಸು ಒಡೆದ್ರೆ ತಿಂಗಳುಗಟ್ಟಲೆ ನಿಂತುಬಿಡ್ತಾಳೆ."

ನೆತ್ತಿಯು ಎದುರಿಗೇ ಕಾಣುತ್ತಿತ್ತು. ಮೂರು ತಲೆಮಾರು ಕಾದ ಮೇಲೆ ಒಂದು ಮೈಲಿಗೆ ತಪ್ಪಿತೆಂದರೆ ಯಾರಿಗೆ ತಾನೆ ಸಿಟ್ಟು ಬಾರದು? "ಇದೇನಪ್ಪ ಹೀಗೆ? ನಾನು ಪೂರಾ ಹಣ ಕೊಟ್ಟಿದ್ದೇನೆ. ಲಾಳವಿಲ್ಲದೆ ಪ್ರಪಂಚದಲ್ಲಿ ಯಾವ ಕುದುರೆಯೂ ನಡೆಯುವುದಿಲ್ಲವೋ?" ಎಂದು, ಕುದುರೆಯ ಮೇಲಿನಿಂದಲೇ ಗದರಿಸಿದೆನು.

ಅವನು ಉತ್ತರ ಕೊಡಲಿಲ್ಲ. ನೆಲವನ್ನು ನೋಡುತ್ತ, "ಅರ್ಧ ದುಡ್ಡು ವಾಪಸು ಕೊಡ್ತೀನಿ ಸಾರ್" ಎಂದನು. ಮಗಳು ಮಾತನಾಡದೆ ತಟ್ಟಿನಿಂದ ಇಳಿದುಬಿಟ್ಟಳು. ನಾನು ಮೇಲಿನಿಂದ ಅವನನ್ನು ನೋಡಿದೆನು. ಓಡಿಬಂದ ಏದುಸಿರು ಇನ್ನೂ ನಿಂತಿರಲಿಲ್ಲ. ಕಂಕುಳಲ್ಲಿ ನನ್ನ ಚೀಲವಿತ್ತು. ಕೈಯಲ್ಲಿ ನನ್ನ ಕೊಡೆಯಿತ್ತು.

ವಾಚಕರಿಗೆ ಇದಕ್ಕಿಂತ ಹೆಚ್ಚಾಗಿ ಬಿಡಿಸಿ ಹೇಳಬೇಕಾಗಿಲ್ಲ. ನಾನು ಯಾರ ಸ್ಥಾನದಲ್ಲಿ ಕುಳಿತುಕೊಳ್ಳಬೇಕೆಂದು ಇಷ್ಟು ವರ್ಷ ಆಸೆಪಟ್ಟಿದ್ದೆನೋ ಆ ಸ್ಥಾನದಲ್ಲಿಯೇ ಕುಳಿತಿದ್ದೆನು. ಆದರೆ ನಮ್ಮ ತಾತನವರು ಕೆಳಗೆ ನಿಂತಿದ್ದರು. ಹತ್ತುವುದಕ್ಕಿಂತ ಬೇಗನೆ ಇಳಿದೆನು. ಕೊಡೆಯನ್ನೂ ಚೀಲವನ್ನೂ ಅವನ ಕೈಯಿಂದ ತೆಗೆದುಕೊಂಡೆನು.

ಹಿಂದಿರುಗುವ ದಾರಿ ಮೂರು ಮೈಲಿ. ಮಗಳು ತಟ್ಟನ್ನು ಹಿಡಿದಳು. ನಾನು ರಾಣಿಯ ಲಗಾಮನ್ನು ಹಿಡಿದೆನು. ಅವನು ಮುಂದೆ ಮುಂದೆ ಹೋಗಿ ಕಲ್ಲುಗಳನ್ನು ಕಾಲಿನಿಂದ ಬದಿಗೆ ಸರಿಸುತ್ತಿದ್ದನು. ಕುದುರೆಯ ಮುಖವು ನನ್ನ ಹೆಗಲಿನ ಪಕ್ಕದಲ್ಲಿಯೇ ಇತ್ತು. ಹಣೆಯಲ್ಲಿ ಬೆರಳಗಲದ ಬಿಳಿಯ ಬೊಟ್ಟು, ಉದ್ದವಾದ ರೆಪ್ಪೆಗಳು, ಹುರುಳಿ ಬೇಯಿಸಿದ ವಾಸನೆಯ ಬಿಸಿ ಉಸಿರು. ಇಷ್ಟು ಹೊತ್ತು ಅದರ ಮೇಲೆ ಕುಳಿತಿದ್ದರೂ ಅದರ ಕಣ್ಣು ಯಾವ ಬಣ್ಣವೆಂಬುದು ನನಗೆ ತಿಳಿದಿರಲಿಲ್ಲ.

ನಡೆದು ಬರುವಾಗ ಮಾತು ತಾನಾಗಿ ಬಂದಿತು. ಕುದುರೆಗಳು ಅವನವಲ್ಲ, ಮಾಲಿಕರದು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ. ಸವಾರಿಯಿಲ್ಲ, ಸಂಪಾದನೆಯೂ ಇಲ್ಲ. ಆದರೆ ಕುದುರೆಯ ಹೊಟ್ಟೆಗೆ ರಜೆಯೆಂಬುದಿಲ್ಲವಷ್ಟೆ. ಹುಲ್ಲು, ಬೂಸ, ಹುರುಳಿ ಬೀಳಲೇಬೇಕು. ಒದ್ದೆ ನೆಲದಲ್ಲಿ ನಿಂತರೆ ಗೊರಸಿನ ಒಳಭಾಗವು ಕೊಳೆಯುತ್ತದೆ; ದಿನವೂ ಕೆರೆದು, ತೊಳೆದು, ಒರೆಸಿ, ಒಣಗಿಸಬೇಕು. ಆರೇಳು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಕಟ್ಟಬೇಕು. ಕುದುರೆಗೆ ಲಾಳ ಕಟ್ಟಬಲ್ಲವನು ದೂರದಿಂದ ಬರಬೇಕು. ಇಷ್ಟನ್ನು ಹೇಳಿ ಅವನು ಸ್ವಲ್ಪ ತಡೆದನು.

"ಹೋದ ವಾರವೇ ಕಟ್ಟಿಸಬೇಕಿತ್ತು ಸಾರ್. ಲಾಳದವನು ಬರಲಿಲ್ಲ. ನೀವು ಮೊದಲೇ ಗೊತ್ತು ಮಾಡಿದ್ರಿ. ಬೇಡ ಅನ್ನೋಕೆ ಧೈರ್ಯ ಬರಲಿಲ್ಲ. ತಪ್ಪು ನನ್ನದೇ."

ಅವನು ತನ್ನ ತಪ್ಪನ್ನು ಇಟ್ಟ ಮೇಲೆ ನನ್ನದನ್ನು ಬಚ್ಚಿಡುವುದು ನ್ಯಾಯವಲ್ಲ. "ನನ್ನದೂ ಒಂದಿದೆಯಪ್ಪ. ತೂಕದಲ್ಲಿ ಆರು ಕಿಲೋ ಸುಳ್ಳು ಹೇಳಿದೆ" ಎಂದೆನು.

ಅವನು ಮೊದಲ ಬಾರಿಗೆ ನಕ್ಕನು. "ಎಲ್ಲರೂ ಕಡಿಮೆಯೇ ಹೇಳ್ತಾರೆ ಸಾರ್. ನಾನು ಹತ್ತು ಸೇರಿಸಿಯೇ ಲೆಕ್ಕ ಹಾಕೋದು. ಅದಕ್ಕೇ ನಿಮಗೆ ದೊಡ್ಡವಳನ್ನ ಕೊಟ್ಟಿದ್ದು."

ಮಗಳು ಆ ನಗೆಯನ್ನು ಕಾಫಿಗಿಡಗಳ ನಡುವೆ ಬಹುದೂರದವರೆಗೆ ಮುಂದುವರಿಸಿದಳು. ಏರುವಾಗ ಕಾಣದಿದ್ದ ಎಷ್ಟೋ ಸಂಗತಿಗಳು ಇಳಿಯುವಾಗ ಕಂಡುವು: ಒದ್ದೆ ಎಲೆಗಳ ಮೇಲೆ ತಲೆಯೆತ್ತಿ ತಡಕಾಡುವ ಉಂಬಳಗಳು, ಹಳ್ಳದ ಬದಿಯಲ್ಲಿ ಏಲಕ್ಕಿಯ ಬುಡಗಳು, ಅತ್ತಿ ಮರದ ಕಾಂಡಕ್ಕೆ ಅಂಟಿದ ಹಣ್ಣಿನ ಗೊಂಚಲು. ಕುದುರೆಯ ಮೇಲಿರುವವನಿಗೆ ದೂರವೆಲ್ಲ ಕಾಣುತ್ತದೆ, ಹತ್ತಿರ ಕಾಣುವುದಿಲ್ಲ.

ಮನೆಯ ಅಂಗಳದಲ್ಲಿ ಅವನು ಅರ್ಧ ಹಣವನ್ನು ತಂದು ನೀಡಿದನು. ತೆಗೆದುಕೊಂಡರೆ ಅದು ಅವನ ಕೂಲಿಯಿಂದ ಹೋಗುವುದೋ ಮಾಲಿಕರ ಪೆಟ್ಟಿಗೆಯಿಂದ ಹೋಗುವುದೋ ಎಂದು ನಾನು ಕೇಳಿದೆನು. ಅವನು ಸುಮ್ಮನಿದ್ದನು. ಅದೇ ಉತ್ತರವಾಯಿತು. "ಇದು ರಾಣಿಯ ಲಾಳಕ್ಕೆ" ಎಂದು ಮಗಳು ಅದನ್ನು ಅವನ ಜೇಬಿಗೇ ಹಾಕಿದಳು. ಧರ್ಮ ಮಾಡಿದೆವೆಂದು ನಾನು ಇದನ್ನು ಬರೆಯುತ್ತಿಲ್ಲ. ಗದರಿಸಿದ ಮಾತಿಗೆ ಯಾವ ಹಣವೂ ಸಾಟಿಯಾಗದು. ಅದಕ್ಕೆ "ತಪ್ಪಾಯಿತಪ್ಪ" ಎಂದು ಬೇರೆಯೇ ಹೇಳಬೇಕಾಯಿತು, ಹೇಳಿದೆನು.

ಮರುದಿನ ಕಳಸಕ್ಕೆ ಹೋಗಿ, ಕಳಸೇಶ್ವರನ ದರ್ಶನ ಮಾಡಿ, ಭದ್ರೆಯಲ್ಲಿ ಕಾಲು ತೊಳೆದು, ಸಂಸೆಯ ದಾರಿಯನ್ನು ಹಿಡಿದೆವು. ಕುದುರೆಮುಖಕ್ಕೆ ಸಂಸೆಪರ್ವತವೆಂಬ ಹೆಸರೂ ಹಿಂದೆ ಇದ್ದಿತು. ಸುಮಾರು ೧,೮೯೦ ಮೀಟರು ಎತ್ತರ. ಅದರ ಒಂದು ಮಗ್ಗುಲು ಕುದುರೆಯ ಮುಖದಂತೆ ತೋರುವುದರಿಂದ ಈಗಿನ ಹೆಸರು ಬಂದಿದೆ. ೧೯೮೭ರಲ್ಲಿ ಆ ಸೀಮೆಯು ರಾಷ್ಟ್ರೀಯ ಉದ್ಯಾನವಾಯಿತು. ಕಬ್ಬಿಣದ ಅದಿರಿಗಾಗಿ ಬೆಟ್ಟ ಅಗೆಯುವ ಕೆಲಸವು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ೨೦೦೫ರ ಕೊನೆಗೆ ನಿಂತಿತು. ಒಂದು ತಿರುವಿನಲ್ಲಿ ಕಾರನ್ನು ನಿಲ್ಲಿಸಿ ಅರ್ಧ ಗಂಟೆ ಕಾದೆವು. ಮಂಜು ಕದಲಲಿಲ್ಲ. ಬೆಟ್ಟದ ಬುಡವಷ್ಟೇ ಕಂಡಿತು.

ಮನೆಗೆ ಬಂದ ಕೂಡಲೆ ನನ್ನ ಹೆಂಡತಿಯು ಮೊದಲು ನನ್ನ ಕೈಕಾಲುಗಳನ್ನು ಎಣಿಸಿದಳು. ಆಮೇಲೆ, "ಅಷ್ಟು ದೂರ ಹೋದಿರಲ್ಲ, ಕುದುರೆಮುಖ ಕಂಡಿತೆ?" ಎಂದು ಕೇಳಿದಳು.

"ಬೆಟ್ಟ ಕಾಣಲಿಲ್ಲ. ಕುದುರೆಯ ಮುಖ ಕಂಡಿತು" ಎಂದೆನು.

ಅವಳಿಗೆ ಅರ್ಥವಾಗಲಿಲ್ಲ. ಗೋಡೆಯ ಮೇಲಿನ ಪಟದಲ್ಲಿ ತಾತನವರು ಎಂದಿನಂತೆ ನಗುತ್ತಿದ್ದರು.