ಹೊಗೆಗೊಂದು ದಾರಿ

ಮನೆಗೆ ಬಂದ ನೆಂಟರಿಗೆ ಸಂಕೋಚವೆಂಬುದಾದರೂ ಇರುತ್ತದೆ; ಊಟ ಮುಗಿದ ಮೇಲೆ ಒಮ್ಮೆಯಾದರೂ ಗಡಿಯಾರದತ್ತ ನೋಡುತ್ತಾರೆ. ಹೊಗೆಗೆ ಅದಾವುದೂ ಇಲ್ಲ. ದಾರಿ ತೋರಿಸದಿದ್ದರೆ ಅದು ಮನೆಯಲ್ಲಿಯೇ ನಿಂತು, ಮನೆಯವರ ಎದೆಯಲ್ಲಿ ಬಿಡಾರ ಹೂಡುತ್ತದೆ. ಈ ಮಾತನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಕಲಿಸಿದವಳು ನನ್ನ ತಾಯಿ. ಕಲಿತ ಸ್ಥಳ ಮುಂಡರಗಿ ತಾಲೂಕಿನ ಹಮ್ಮಿಗಿ. ಕಲಿಯಲು ನೆಪವಾದದ್ದು, ವಾಚಕರು ನಂಬಬೇಕು, ಒಂದು ಲೇಸರ್ ಯಂತ್ರ.

ಹಮ್ಮಿಗಿ ತುಂಗಭದ್ರೆಯ ದಂಡೆಯ ಊರು. ಶಿಂಗಟಾಲೂರು ಏತ ನೀರಾವರಿ ಯೋಜನೆಯ ಬ್ಯಾರೇಜು ನದಿಗೆ ಅಡ್ಡಲಾಗಿ ನಿಂತಿರುವುದು ಇಲ್ಲಿಯೇ. ನಮ್ಮದು ಮಣ್ಣಿನ ಮಾಳಿಗೆಯ ಹಳೆಯ ಮನೆ. ಅಡಿಗೆಮನೆಯ ನೆತ್ತಿಯಲ್ಲೊಂದು ಬೆಳಕಿಂಡಿ. ಹಗಲಲ್ಲಿ ಅದರಿಂದ ಬೆಳಕು ಇಳಿಯುತ್ತಿತ್ತು. ಒಲೆ ಹೊತ್ತಿದಾಗ ಹೊಗೆ ಏರುತ್ತಿತ್ತು. ಮಳೆ ಬಂದರೆ ಮಾಳಿಗೆ ಹತ್ತಿ ಅದನ್ನು ಮುಚ್ಚುವುದೂ, ಮಳೆ ನಿಂತೊಡನೆ ತೆರೆಯುವುದೂ ಬಾಲ್ಯದಲ್ಲಿ ನನ್ನ ಪಾಲಿನ ಕೆಲಸವಾಗಿದ್ದವು.

ನಾನು ಕನ್ನಡ ಎಂ.ಎ. ಮಾಡಿ ಗದಗಿನಲ್ಲಿ ಅಧ್ಯಾಪಕನಾದೆ. ತಮ್ಮನು ಊರಿನಲ್ಲಿಯೇ ಉಳಿದ. ಎರಡು ವರ್ಷಗಳ ಕೆಳಗೆ ಅವನು ಸಾಲ ಮಾಡಿ 60 ವ್ಯಾಟಿನ ಲೇಸರ್ ಕೆತ್ತನೆ ಯಂತ್ರವೊಂದನ್ನು ತಂದು, ಹೊಸದಾಗಿ ಕಟ್ಟಿಸಿದ ಮುಂದಿನ ಕೋಣೆಯಲ್ಲಿ ಸ್ಥಾಪಿಸಿದನು. ನಾಮಫಲಕ, ಮದುವೆಯ ಕಾಣಿಕೆ, ಶಾಲೆಗಳ ಪಾರಿತೋಷಕ ಮೊದಲಾದುವು ಅವನ ವ್ಯಾಪಾರ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯ 1007ನೆಯ ಇಸವಿಯ ಶಾಸನವನ್ನು ಕಂಡರಿಸಿದವನು ಎಷ್ಟು ದಿನ ಉಳಿ ಹಿಡಿದಿದ್ದನೋ! ಇಲ್ಲಿಯಾದರೋ ಕಣ್ಣಿಗೆ ಕಾಣದ ಕಿರಣವೊಂದು ಹತ್ತೇ ನಿಮಿಷದಲ್ಲಿ ಹಲಗೆಯ ಮೇಲೆ ಹೆಸರು ಬರೆದು ಮುಗಿಸುತ್ತದೆ. ಈ ಬಗೆಯ ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ರೂಪಿಸಿದ ಕುಮಾರ್ ಪಟೇಲರು ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದವರೆಂದು ತಿಳಿದಾಗ ನನಗೆ ಹೆಮ್ಮೆಯೇ ಆಯಿತು.

ಆದರೆ ಉಳಿ ತಾಗಿದಲ್ಲಿ ಚಕ್ಕೆ ಏಳುತ್ತದೆ. ಕಿರಣ ತಾಗಿದಲ್ಲಿ ಹೊಗೆ ಏಳುತ್ತದೆ. ಚಕ್ಕೆಯನ್ನು ಕಸಬರಿಗೆಯಿಂದ ಗುಡಿಸಬಹುದು. ಹೊಗೆಯನ್ನೇನು ಮಾಡುವುದು? ಪ್ಲೈವುಡ್ಡು ಸುಟ್ಟರೆ ಮರದ ಹೊಗೆಯೊಡನೆ ಅದರ ಅಂಟಿನ ಫಾರ್ಮಾಲ್ಡಿಹೈಡ್ ಬರುತ್ತದೆ. ಅಕ್ರಿಲಿಕ್ ಹಾಳೆಯಿಂದ ತಲೆನೋವು ತರುವ ಘಾಟು ಏಳುತ್ತದೆ. ತಮ್ಮನು ಕಿಟಕಿಗೊಂದು ಫ್ಯಾನು ಕೂಡಿಸಿ, ಯಂತ್ರದಿಂದ ಅಲ್ಲಿಯವರೆಗೆ ಸುಕ್ಕುಸುಕ್ಕಾದ ಉದ್ದನೆಯ ಕೊಳವೆಯನ್ನೆಳೆದು, ಕೆಲಸ ಮುಗಿಯಿತೆಂದುಕೊಂಡನು.

ಅಷ್ಟರಲ್ಲಿ ತಾಯಿಗೆ ಕೆಮ್ಮು ಹೆಚ್ಚಿತು. ತೋರಿಸಲು ಕರೆದೊಯ್ದಾಗ ವೈದ್ಯರು ಫೋಟೋ ನೋಡಿ, ಹಿಂಜರಿಯುತ್ತ, “ಇವರು ಬೀಡಿ ಸೇದುತ್ತಿದ್ದರೆ?” ಎಂದು ಕೇಳಿದರು. ತಾಯಿ ನಕ್ಕಳು. ನನಗೆ ನಗು ಬರಲಿಲ್ಲ. ಮೂವತ್ತು ವರ್ಷ ಒಲೆಯ ಮುಂದೆ ಕುಳಿತವಳ ಪುಪ್ಪುಸ ಹಾಗೆಯೇ ಕಾಣುವುದೆಂದು ಅವರೇ ವಿವರಿಸಿದರು. ಅಂದು ರಾತ್ರಿ ತಮ್ಮನು ನನ್ನನ್ನು ಪಕ್ಕಕ್ಕೆ ಕರೆದು, “ಅವ್ವನ್ನ ನೀನು ಗದಗಿಗೆ ಕರಕೊಂಡು ಹೋಗು. ಯಂತ್ರಾ ನಿಂದ್ರಿಸಿದರ ಸಾಲ ಹೆಂಗ ತೀರಸಲಿ?” ಎಂದನು. ತಾಯಿಯಾದರೋ ಊರು ಬಿಡಲೊಲ್ಲಳು.

ಮುಂದಿನ ಭಾನುವಾರ ನಾನು ಊರಿಗೆ ಹೋದಾಗ ಆಷಾಢದ ಗಾಳಿ ಬೀಸುತ್ತಿತ್ತು. ಕಿಟಕಿ ಇದ್ದುದು ಪಡುವಣಕ್ಕೆ. ಗಾಳಿ ಬರುತ್ತಿದ್ದುದೂ ಪಡುವಣದಿಂದ. ಫ್ಯಾನು ಹೊರಗೆ ನೂಕಿದ್ದನ್ನು ಗಾಳಿ ಒಳಗೆ ನೂಕುತ್ತಿತ್ತು. ಇದರ ಮೇಲೆ ತಮ್ಮನು, ತಾಯಿಗೆ ಹೊಗೆ ತಾಗದಿರಲೆಂದು ನಡುಮನೆಯ ಬಾಗಿಲನ್ನು ಭದ್ರವಾಗಿ ಮುಚ್ಚಿದ್ದನು. ಆದರೂ ಸಂದಿಗಳಿಂದ ವಾಸನೆ ಬರುತ್ತಲೇ ಇತ್ತು. ನಾವಿಬ್ಬರೂ ಇನ್ನೂ ದೊಡ್ಡ ಫ್ಯಾನಿನ ಬೆಲೆಯನ್ನು ಚರ್ಚಿಸುತ್ತಿದ್ದಾಗ ತಾಯಿ ಹೊಸ್ತಿಲ ಬಳಿ ಬಂದು ನಿಂತಳು.

“ಬಾಗಿಲಾ ತಗೀರಿ. ಹೊಗಿ ಹೊರಗ ಹೋಗಬೇಕಂದ್ರ ಗಾಳಿ ಒಳಗ ಬರಬೇಕೋ ಬ್ಯಾಡೋ?”

ನಾನು ಊದಿನಕಡ್ಡಿಯೊಂದನ್ನು ಹಚ್ಚಿ ಯಂತ್ರದ ಬಾಯಿಗೆ ಹಿಡಿದು ನೋಡಿದೆ. ಬಾಗಿಲು ಮುಚ್ಚಿದ್ದಾಗ ಅದರ ಹೊಗೆ ದಿಕ್ಕುಗಾಣದೆ ಸುಳಿದಾಡಿತು. ತೆರೆದೊಡನೆ ನೂಲಿನಂತೆ ಯಂತ್ರದೊಳಕ್ಕೆ ಬಾಗಿತು. ಕೋಣೆಯಿಂದ ಎಷ್ಟು ಗಾಳಿ ಹೊರಹೋಗಬೇಕೋ ಅಷ್ಟೇ ಗಾಳಿ ಒಳಬರಬೇಕು. ಬರಲು ದಾರಿಯಿಲ್ಲದಿದ್ದರೆ ಎಷ್ಟು ದೊಡ್ಡ ಫ್ಯಾನಾದರೂ ಇದ್ದಲ್ಲಿಯೇ ತಿರುಗುತ್ತದೆ.

“ನಿನಗ ಹೆಂಗ ತಿಳೀತು?” ಎಂದು ಕೇಳಿದೆ.

“ನೀ ಬಾಗಿಲಾ ಹಾಕ್ಕೊಂಡು ಓದೂವಾಗ ದಿನಾ ನೋಡೀನಲ್ಲ,” ಎಂದಳು, ಬಹು ಸಹಜವಾಗಿ.

ನನಗೆ ನೆನಪಾಯಿತು. ಹೊಗೆಯಿಂದ ಕಣ್ಣುರಿಯುವುದೆಂದು ನಾನು ಅಡಿಗೆಮನೆಯ ಬಾಗಿಲನ್ನು ಎಳೆದುಕೊಂಡು ನಡುಮನೆಯಲ್ಲಿ ಓದುತ್ತಿದ್ದೆ. ಬೆಳಕಿಂಡಿ ತೆರೆದಿದ್ದರೂ ಒಳಗಾಳಿಯಿಲ್ಲದೆ ಹೊಗೆ ಅಲ್ಲಿಯೇ ತಂಗುತ್ತಿತ್ತು. ಅದರ ನಡುವೆ ತಾಯಿ ರೊಟ್ಟಿ ಬಡಿಯುತ್ತಿದ್ದಳು.

“ಆವಾಗ ಯಾಕ ಹೇಳಲಿಲ್ಲ?”

“ಪರೀಕ್ಷಾ ಇತ್ತಲ್ಲೋ ನಿಂದು.”

ಆ ಪರೀಕ್ಷೆಯಲ್ಲಿ ನನಗೆ ಒಳ್ಳೆಯ ಅಂಕಗಳೇ ಬಂದಿದ್ದವು.

ಮರುವಾರವೇ ಯಂತ್ರವನ್ನು ಹಳೆಯ ಅಡಿಗೆಮನೆಗೆ ಸಾಗಿಸಿದೆವು. ಗ್ಯಾಸು ಬಂದ ಮೇಲೆ ಅಡಿಗೆ ಬೇರೆಡೆಗೆ ಹೋಗಿ, ಬೆಳಕಿಂಡಿ ಸಿಮೆಂಟು ಕಂಡಿತ್ತು. ಅದನ್ನು ಒಡೆದು ತೆರೆದೆವು. ಒಲೆಯ ಹೊಗೆ ಬಿಸಿಯಾದುದರಿಂದ ತಾನಾಗಿ ಏರುತ್ತದೆ. ಯಂತ್ರದ ಹೊಗೆ ಬೇಗನೆ ತಣ್ಣಗಾಗುವುದರಿಂದ ಅದನ್ನು ಎಳೆಯಲೇಬೇಕು. ಫ್ಯಾನನ್ನು ಯಂತ್ರದ ಪಕ್ಕದಲ್ಲಿಡದೆ ಕೊಳವೆಯ ತುದಿಯಲ್ಲಿ, ಮಾಳಿಗೆಯ ಮೇಲೆ ಇರಿಸಿದೆವು. ಹಾಗೆ ಮಾಡಿದರೆ ಮನೆಯೊಳಗಿನ ಕೊಳವೆಯಲ್ಲೆಲ್ಲ ಎಳೆತವೇ ಇರುತ್ತದೆ. ಎಲ್ಲಿಯಾದರೂ ಬಿರುಕು ಬಿಟ್ಟರೆ ಕೋಣೆಯ ಗಾಳಿ ಒಳಸೇರುವುದಲ್ಲದೆ ಹೊಗೆ ಹೊರಬೀಳದು. ಕೊಳವೆಯನ್ನು ಮೋಟಾಗಿಯೂ ನೇರವಾಗಿಯೂ, ಒಳಮೈ ನುಣುಪಾಗಿಯೂ ಮಾಡಿಸಿದೆವು. ಬಾಗಿಲ ಕೆಳಭಾಗದಲ್ಲಿ ಜಾಳಿಗೆ ಹಾಕಿಸಿದೆವು. ಕೆತ್ತನೆ ಮುಗಿದ ಮೇಲೂ ಕೆಲವು ನಿಮಿಷ ಫ್ಯಾನು ತಿರುಗಿದ ಬಳಿಕವೇ ಮುಚ್ಚಳ ತೆರೆಯಬೇಕೆಂಬುದು ತಾಯಿಯ ಕಟ್ಟಪ್ಪಣೆ. ಕೊಳವೆಯಲ್ಲಿ ಕಟ್ಟುವ ಜಿಡ್ಡಿಗೆ ಕಿಡಿ ತಾಗಿದರೆ ಬೆಂಕಿಯೇಳಬಹುದಾದುದರಿಂದ, ತಿಂಗಳಿಗೊಮ್ಮೆ ತೊಳೆಯುವುದೂ, ಯಂತ್ರ ನಡೆಯುವಾಗ ಬಿಟ್ಟು ಹೋಗದಿರುವುದೂ ನಿಯಮಗಳಾದವು.

ಇಷ್ಟಾದರೂ ಎಲ್ಲ ಹೊಗೆಗೂ ದಾರಿ ಮಾಡಿಕೊಡಲಾಗದು. ಒಬ್ಬರು ಇನ್ನೂರು ರೆಕ್ಸಿನ್ ಚೀಲಗಳ ಮೇಲೆ ಹೆಸರು ಕೆತ್ತಲು ಕೇಳಿದರು. ರೆಕ್ಸಿನ್ ಸಾಮಾನ್ಯವಾಗಿ ಪಿವಿಸಿ ಲೇಪದ್ದು. ಕಿರಣ ತಾಗಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲವೇಳುತ್ತದೆ. ತೇವ ಸೇರಿದೊಡನೆ ಅದೇ ಆಮ್ಲವಾಗಿ ಯಂತ್ರದ ಕಬ್ಬಿಣವನ್ನೂ ಮನುಷ್ಯನ ಗಂಟಲನ್ನೂ ತಿನ್ನುತ್ತದೆ. ಕಂತಿನ ದಿನ ಹತ್ತಿರವಿದ್ದರೂ ತಮ್ಮನು ಒಲ್ಲೆನೆಂದನು.

ಇನ್ನೊಂದು ಮಾತು ಉಳಿದಿತ್ತು. ನಮ್ಮ ಮನೆಯಿಂದ ಹೊರಹೋದ ಹೊಗೆ ಯಾರ ಮನೆಗೆ ಹೋಗುತ್ತದೆ? ನಮ್ಮ ಕಡೆ ಬೇಸಗೆಯಲ್ಲಿ ಜನ ಮಾಳಿಗೆಯ ಮೇಲೆ ಮಲಗುವವರು. ಆದುದರಿಂದ ಕೊಳವೆಯನ್ನು ಆಳೆತ್ತರಕ್ಕೂ ಮೇಲಕ್ಕೇರಿಸಿ, ಸಂಜೆ ದೀಪ ಹಚ್ಚಿದ ಮೇಲೆ ಯಂತ್ರ ನಡೆಸಬಾರದೆಂದು ಗೊತ್ತು ಮಾಡಿದೆವು.

ಪಟ್ಟಣದ ವಾಚಕರು ಇದು ತಮಗೆ ಸಂಬಂಧಿಸಿದ ಕಥೆಯಲ್ಲವೆನ್ನಬಹುದು. ಆದರೆ ಅಡಿಗೆಮನೆಯ ಕಿಟಕಿಬಾಗಿಲುಗಳನ್ನೆಲ್ಲ ಮುಚ್ಚಿ ಚಿಮಣಿ ಹಾಕುವುದೂ ನಾನು ಮಾಡಿದಂಥ ತಪ್ಪೇ. ಚಳಿಯೆಂದು ಬಚ್ಚಲಮನೆಯ ಕಿಂಡಿ ಮುಚ್ಚಿ ಗ್ಯಾಸ್ ಗೀಸರ್ ಉರಿಸುವುದು ಅದಕ್ಕಿಂತ ಕೇಡು. ಅಲ್ಲಿ ಹುಟ್ಟಬಹುದಾದ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಪ್ರಾಣಕ್ಕೆ ಮಾತ್ರ ಎರವು.

ತಾಯಿ ಹಮ್ಮಿಗಿಯಲ್ಲಿಯೇ ಇದ್ದಾಳೆ. ಕೆಮ್ಮು ಕಡಿಮೆಯಾಗಿದೆ, ಪೂರ್ತಿ ಹೋಗದೆಂದು ವೈದ್ಯರು ಹೇಳಿದ್ದಾರೆ. ಊರಿಗೆ ಹೋದಾಗ ನಾನು ನಡುಮನೆಯಲ್ಲಿ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕೂರುವುದುಂಟು. ಯಂತ್ರದ ಸದ್ದು ಬರುತ್ತದೆ, ಒಗ್ಗರಣೆಯ ಘಾಟೂ ಬರುತ್ತದೆ. ಬಾಗಿಲನ್ನು ಮಾತ್ರ ನಾನು ಮುಚ್ಚುವುದಿಲ್ಲ.