ಬುಧವಾರದ ಹೊಗೆ

ಬೀಡಿಯನ್ನು ನಡೆಯುತ್ತಲೇ ಸೇದಬಹುದು. ಸಿಗರೇಟನ್ನು ಬಸ್ಸು ಬರುವುದರೊಳಗೆ ಮುಗಿಸಬಹುದು. ಸಿಗಾರಿಗೆ ಮಾತ್ರ ಬಿಡುವು ಬೇಕು, ಒರಗುವ ಕುರ್ಚಿ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಎದುರಿಗೊಬ್ಬ ಗೆಳೆಯ ಬೇಕು. ಒಬ್ಬನೇ ಕುಳಿತು ಸವಿದ ಸಿಗಾರಿನ ಹೆಚ್ಚುಗಾರಿಕೆಯನ್ನು ಯಾರ ಮುಂದೆ ಕೊಚ್ಚಿಕೊಳ್ಳುವುದು? ಹಳ್ಳಿಯ ಜಗಲಿಯ ಮೇಲಿನ ಚುಟ್ಟ ಇದರ ಬಡ ದಾಯಾದಿ. ಆದರೂ ಮಾತಿನ ಲೋಕದಲ್ಲಿ ಬಡವನೇ ದಾನಿ: ಇಂಗ್ಲಿಷಿನವರ 'ಚೆರೂಟ್' ತಮಿಳಿನ 'ಸುರುಟ್ಟು'ವಿನಿಂದ ಹಡಗು ಹತ್ತಿ ಹೋದ ಶಬ್ದ, ಕನ್ನಡದ 'ಸುರುಳಿ'ಯೂ ಅದೇ ಬಳ್ಳಿಯ ಕಾಯಿ.

ಸಿರಿವಂತ ದಾಯಾದಿಯ ತವರು ಕ್ಯೂಬಾ. ಆ ದ್ವೀಪದ ಪಶ್ಚಿಮದ ಪಿನಾರ್ ದೆಲ್ ರಿಯೋ ಪ್ರಾಂತದ ಹೊಗೆಸೊಪ್ಪಿಗೆ ರಸಿಕರಲ್ಲಿರುವ ಮನ್ನಣೆ ದೊಡ್ಡದು. ಒಂದೇ ಗಿಡದಲ್ಲಿ ಎಲೆಗಳ ಸ್ವಭಾವ ಬೇರೆ ಬೇರೆ. ಬುಡದ ಎಲೆ ತೆಳುವು, ಬೇಗ ಉರಿಯುತ್ತದೆ, ನಡುವಿನದು ಪರಿಮಳಕ್ಕೆ, ಬಿಸಿಲನ್ನೆಲ್ಲ ತಾನೇ ಕುಡಿದ ಮೇಲಿನ ಎಲೆ ದಪ್ಪ, ಜಿಡ್ಡು, ಉರಿಯುವುದರಲ್ಲಿ ಮಂದ. ಸಿಗಾರಿಗೆ ಮೈದುಂಬಿದ ಕಸುವು ಬರುವುದು ಮುಖ್ಯವಾಗಿ ಈ ಮೇಲಿನ ಎಲೆಯಿಂದ. ಇದನ್ನು 'ಲಿಗೇರೋ' ಎನ್ನುತ್ತಾರೆ. ಸ್ಪ್ಯಾನಿಷಿನಲ್ಲಿ ಹಾಗೆಂದರೆ 'ಹಗುರ'! ಹೆಸರು ಹಗುರ, ಏಟು ಭಾರ.

ಈ ಎಲೆಗಳನ್ನು ಸುತ್ತುವ ಕಾರ್ಖಾನೆಯ ಸಂಗತಿಯೊಂದನ್ನು ಧಾರಾವಾಹಿಗಳ ಓದುಗರು ಮೆಚ್ಚಿಯಾರು. ೧೮೬೫ರಲ್ಲಿ ಹವಾನಾದಲ್ಲಿ ಒಂದು ಪದ್ಧತಿ ಆರಂಭವಾಯಿತು. ಕೆಲಸಗಾರರು ಎಲೆ ಸುತ್ತುತ್ತಿರುವಾಗ ಒಬ್ಬನು ಎತ್ತರದ ಪೀಠದಲ್ಲಿ ಕುಳಿತು ಪತ್ರಿಕೆಯನ್ನೂ ಕಾದಂಬರಿಯನ್ನೂ ಗಟ್ಟಿಯಾಗಿ ಓದಿ ಹೇಳುವುದು. ದ್ಯುಮಾನ 'ಕೌಂಟ್ ಆಫ್ ಮಾಂಟೆ ಕ್ರಿಸ್ಟೋ' ಅವರಿಗೆ ಅಚ್ಚುಮೆಚ್ಚು. ೧೯೩೫ರಲ್ಲಿ ಹುಟ್ಟಿದ 'ಮಾಂಟೆಕ್ರಿಸ್ಟೋ' ಸಿಗಾರಿನ ಹೆಸರು ಅಲ್ಲಿಂದಲೇ ಬಂದದ್ದು. ಕಥೆ ಕೇಳುತ್ತ ಸುತ್ತಿದ ಎಲೆ ಹರಟೆಯ ನಡುವೆ ಉರಿಯುವುದು ನ್ಯಾಯವೇ ಆಗಿದೆ.

ಇನ್ನು ಪರೀಕ್ಷೆಯ ಮಾತು. ಮೊದಲು ಬೆರಳುಗಳಿಂದ ಮೆಲ್ಲನೆ ಒತ್ತಿ ಹದ ನೋಡುತ್ತಾರೆ, ಮೂಸುತ್ತಾರೆ, ತುದಿ ಕತ್ತರಿಸಿ ಬೆಂಕಿಯಿಲ್ಲದೆಯೇ ಒಮ್ಮೆ ಎಳೆದು ನೋಡುತ್ತಾರೆ. ಹಚ್ಚಿದ ಮೇಲೆ ನಿಮಿಷಕ್ಕೊಂದು ಗುಟುಕು ಸಾಕು. ಹೆಚ್ಚಾದರೆ ಹೊಗೆ ಕಾದು ಕಹಿಯಾಗುತ್ತದೆ. ಉದ್ದವನ್ನು ಮೂರು ಪಾಲು ಮಾಡಿ ತೂಗುವುದು ರೂಢಿ: ಮೊದಲ ಪಾಲು ಪರಿಚಯ, ಎರಡನೆಯದು ಸ್ನೇಹ, ಮೂರನೆಯದು ಜಗಳ, ಅಷ್ಟು ಹೊತ್ತಿಗೆ ಖಾರ ಏರಿರುತ್ತದೆ. ಒಬ್ಬನಿಗೆ ಮೆಣಸಿನ ರುಚಿ ಹತ್ತಿದರೆ ಇನ್ನೊಬ್ಬನಿಗೆ ಕಾಫಿಯದು, ಮತ್ತೊಬ್ಬನಿಗೆ ದೇವದಾರುವಿನದು. ಹದಮಾಡಿದ ತೊಗಲಿನ ರುಚಿಯಿದೆಯೆಂದು ಹೊಗಳುವವರೂ ಉಂಟು. ಅವರು ತೊಗಲನ್ನು ಎಂದು ಚಪ್ಪರಿಸಿದ್ದರೋ! ಹೊಗೆಯನ್ನು ಎದೆಗಿಳಿಸದೆ ಬಾಯಲ್ಲೇ ಆಡಿಸಿ ಬಿಡುವುದು ಈ ಕಲೆಯ ನಿಯಮ. ರುಚಿ ನಿಲ್ಲುವುದು ಅಲ್ಲಿ; ವಿಷ ನಿಲ್ಲುವುದೂ ಅಲ್ಲಿಯೇ.

ಹೊಗೆ ಮತ್ತು ಗೆಳೆತನ ಅತ್ಯಂತ ದಟ್ಟವಾಗಿ ಬೆರೆತ ಕೋಣೆಯೆಂದರೆ ವಿಯೆನ್ನಾ ನಗರದಲ್ಲಿ ಸಿಗ್ಮಂಡ್ ಫ್ರಾಯ್ಡ್‌ನ ಮನೆಯದು. ೧೯೦೨ರಿಂದ ಪ್ರತಿ ಬುಧವಾರ ರಾತ್ರಿ ಅಲ್ಲಿ ಮಿತ್ರರು ಕೂಡುತ್ತಿದ್ದರು. ಮೊದಲಿಗೆ ಅವನೂ ಸೇರಿ ಐವರೇ. ಒಬ್ಬನು ಪ್ರಬಂಧ ಓದುವನು. ಬಳಿಕ ಕರಿಯ ಕಾಫಿ, ಕೇಕು. ಮೇಜಿನ ಮೇಲೆ ಸಿಗಾರು, ಸಿಗರೇಟು. ಆಮೇಲೆ ಚೀಟಿ ಎತ್ತಿ, ಹೆಸರು ಬಂದವನು ಮಾತಾಡಬೇಕು. ದಾಕ್ಷಿಣ್ಯವಿಲ್ಲದ ವಿಮರ್ಶೆ ಸಾಗುತ್ತಿತ್ತು. ಸಭೆ ಮುಗಿದ ಮೇಲೆ ಇಣುಕಿದ ಮಗ ಮಾರ್ಟಿನ್‌ಗೆ, ಆ ಹೊಗೆಯಲ್ಲಿ ಮನುಷ್ಯರು ಗಂಟೆಗಟ್ಟಲೆ ಕುಳಿತದ್ದೇ ಸೋಜಿಗವಾಗಿತ್ತು. ಜೊತೆಗಿರುವವರು ಸೇದದಿದ್ದರೆ ಯಜಮಾನನಿಗೆ ಕಸಿವಿಸಿ. ದಿನಕ್ಕೆ ಇಪ್ಪತ್ತು ಸಿಗಾರು ಅವನ ಲೆಕ್ಕ. ಹೃದಯದ ಬಡಿತ ತಪ್ಪಿದಾಗ ಆಪ್ತಮಿತ್ರನೂ ವೈದ್ಯನೂ ಆದ ಫ್ಲೀಸ್ ನಿಷೇಧಿಸಿದನು; ಕೆಲವು ವಾರ ಬಿಟ್ಟಂತಾಗಿ ಮತ್ತೆ ಹಚ್ಚಿದನು.

೧೯೨೩ರಲ್ಲಿ ಬಾಯಿಯೊಳಗೊಂದು ಗಂಟು ಕಂಡಿತು. ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಪರೀಕ್ಷಿಸಿದ ಮಿತ್ರ ಫೆಲಿಕ್ಸ್ ಡಾಯ್ಚ್ ಅದು ಕ್ಯಾನ್ಸರೆಂದು ಅರಿತರೂ ಬಾಯಿ ಬಿಡಲಿಲ್ಲ. ಅದೇ ಆಗಸ್ಟಿನಲ್ಲಿ ಒಟ್ಟುಗೂಡಿದ ಆಪ್ತಶಿಷ್ಯರೂ ನಿಜವನ್ನು ಅವನಿಂದ ಮುಚ್ಚಿಟ್ಟರು. ಒಂದೊಂದು ವಾಕ್ಯವನ್ನೂ ಒರೆಗೆ ಹಚ್ಚುತ್ತಿದ್ದ ಬಳಗಕ್ಕೆ ಅದೊಂದು ಮಾತು ಮಾತ್ರ ಗಂಟಲಲ್ಲೇ ಉಳಿಯಿತು! ಹೇಡಿತನವೋ ಮಮತೆಯೋ, ಮಮತೆಯೆಂದರೂ ರೋಗಿಯ ಪಾಲಿಗೆ ಅದು ಅವಮಾನವೇ. ವರ್ಷಗಳ ಮೇಲೆ ಸಂಗತಿ ತಿಳಿದಾಗ ಫ್ರಾಯ್ಡ್ ಕೆರಳಿದನು: ಅವರಿಗೆ ಆ ಹಕ್ಕನ್ನು ಕೊಟ್ಟವರಾರು?

ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಮೇಲುದವಡೆಯ ಭಾಗವನ್ನು ತೆಗೆದು ಕೃತಕ ಅಂಗುಳ ತೊಡಿಸಿದರು. ಬಾಯಿ ಅಗಲಿಸಲಾಗದಾದಾಗ, ಬಟ್ಟೆ ಸಿಕ್ಕಿಸುವ ಕ್ಲಿಪ್ಪನ್ನು ಹಲ್ಲುಗಳ ನಡುವೆ ತೂರಿ, ಆದ ಸಂದಿನಲ್ಲಿ ಸಿಗಾರನ್ನು ಇರಿಸಿಕೊಂಡನು. ಸಂತೋಷವನ್ನು ಬಳಗವೆಲ್ಲ ಹಂಚಿಕೊಂಡಿತ್ತು. ಈ ಪಾಲು ಅವನೊಬ್ಬನದೇ.

೧೯೩೮ರ ಏಪ್ರಿಲ್. ನಾಜಿಗಳು ವಿಯೆನ್ನಾಕ್ಕೆ ಬಂದು ತಿಂಗಳಾಗಿತ್ತು. ಅಣ್ಣತಮ್ಮಂದಿರು ಅಗಲುವ ಕಾಲ ಸಮೀಪಿಸಿತ್ತು. ತಮ್ಮ ಅಲೆಕ್ಸಾಂಡರನ ಎಪ್ಪತ್ತೆರಡನೆಯ ಹುಟ್ಟುಹಬ್ಬಕ್ಕೆ ಫ್ರಾಯ್ಡ್ ಒಂದು ಕಾಗದ ಬರೆದನು. ವರ್ಷಗಳಿಂದ ತನ್ನಲ್ಲಿ ಕೂಡಿಬಿದ್ದಿರುವ ಒಳ್ಳೆಯ ಸಿಗಾರುಗಳನ್ನೆಲ್ಲ ನೀನು ತೆಗೆದುಕೋ, ಆ ಸುಖ ನಿನಗೆ ಇನ್ನೂ ಉಂಟು, ನನಗಿಲ್ಲ, ಎಂಬುದು ಅದರ ತಾತ್ಪರ್ಯ.