ರಾಮನಾಥಪುರದ ದೇವರ ಮೀನುಗಳು

ಹಾಸನದ ಸೀಮೆಯಲ್ಲಿ ಸಂಚರಿಸುವವರಿಗೆ ಜಲದರ್ಶನವು ದುರ್ಲಭವಲ್ಲ. ಚನ್ನರಾಯಪಟ್ಟಣದ ಕಡೆ ಕೆರೆಗಳುಂಟು. ಹೊಳೆನರಸೀಪುರವು ಹೇಮಾವತಿಯ ತೀರದಲ್ಲಿದ್ದು ಹೊಳೆಯನ್ನು ತನ್ನ ಹೆಸರಿನಲ್ಲಿಯೇ ಧರಿಸಿರುವುದು. ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿಂದೆ ಅದೇ ಹೊಳೆಯು ಸಮುದ್ರದಂತೆ ಹರಡಿರುವುದು. ಅಲ್ಲಿ ಬೆಸ್ತರು ತೆಪ್ಪವೇರಿ, ಬಲೆಯೆಳೆದು, ಕಾಟ್ಲಾ ರೋಹು ಮೊದಲಾದ ಮೀನುಗಳಿಂದ ಸಂಸಾರವನ್ನು ಸಾಗಿಸುವರು. ಆದರೆ ಅರಕಲಗೂಡಿಗೆ ತೆಂಕಣದಲ್ಲಿರುವ ರಾಮನಾಥಪುರದ ಮಡುವಿನಲ್ಲಿ ಬಲೆಗೂ ಗಾಳಕ್ಕೂ ಪ್ರವೇಶವಿಲ್ಲ.

ಅಲ್ಲಿ ರಾಮೇಶ್ವರ ದೇವಾಲಯದ ಬಳಿ ಕಾವೇರಿಯಲ್ಲಿರುವ ಈ ಮಡುವಿಗೆ ವಹ್ನಿಪುಷ್ಕರಿಣಿಯೆಂದು ಹೆಸರು. ವಹ್ನಿಯೆಂದರೆ ಅಗ್ನಿ, ಹೆಸರು ಅಗ್ನಿಯದಾದರೂ ನೀರು ಮಾತ್ರ ಶೀತಲವು. ಯಾತ್ರಿಕರು ಒಂದು ಹಿಡಿ ಪುರಿಯನ್ನು ಎರಚಿದರೆ ಸಾಕು, ಮೀಸೆಯುಳ್ಳ, ದೊಡ್ಡ ಹುರುಪೆಗಳ ಮಹಶೀರ್ ಮೀನುಗಳು ಗುಂಪುಗುಂಪಾಗಿ ಮೇಲೇಳುವುವು. ಮಕ್ಕಳಿಗೆ ಇದಕ್ಕಿಂತ ಪ್ರಿಯವಾದ ನೋಟವಿಲ್ಲ.

ಮೀನುಬೇಟೆಯು ವಿನೋದವೆನಿಸಿರುವುದು, ಹೆಪ್ಪುಗಟ್ಟಿದ ಸರೋವರದಲ್ಲಿ ರಂಧ್ರವನ್ನು ಕೊರೆದು ಗಾಳವಿಳಿಸುವ ಹಿಮದೇಶಗಳಲ್ಲಿ ಮಾತ್ರವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದಕ್ಕೆ ಪ್ರತ್ಯೇಕವಾದ ಭಾಗವೇ ಉಂಟು. ಮೀನಿನ ಜಾತಿಗಳು, ಅವುಗಳಿಗೆ ಹಾಕಬೇಕಾದ ಆಹಾರ, ಗಾಳ, ದಾರ ಇವೆಲ್ಲವನ್ನೂ ಅರಸನು ವಿವರಿಸಿರುವನು. ಅಲ್ಲಿ ಆಹಾರದ ಹಿಂದೆ ಗಾಳವಿರುವುದು. ರಾಮನಾಥಪುರದ ಪುರಿಯ ಹಿಂದೆ ಏನೂ ಇಲ್ಲ.

ಆದರೂ ಗಾಳವಿಲ್ಲದ ಮಾತ್ರಕ್ಕೆ ಈ ಕುಲವು ಕ್ಷೇಮವೆನ್ನಲಾಗದು. ಮಹಶೀರಿಗೆ ಹರಿಯುವ ತಿಳಿನೀರು ಬೇಕು. ಮಳೆಗಾಲದಲ್ಲಿ ಪ್ರವಾಹಕ್ಕೆದುರಾಗಿ ಏರಿಹೋಗಿ ನೊರಜುಗಲ್ಲುಗಳ ಪಾತ್ರದಲ್ಲಿ ಮೊಟ್ಟೆಯಿಡುವುದು ಅದರ ಸ್ವಭಾವ. ಅಣೆಕಟ್ಟುಗಳು ಆ ದಾರಿಯನ್ನು ತಡೆಯುವುವು. ಮರಳೆತ್ತುವುದರಿಂದ ಪಾತ್ರವು ಕೆಡುವುದು. ಸಿಡಿಮದ್ದು ಮರಿಗಳನ್ನೂ ಉಳಿಸದು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಎಂಬವರು ಕಬಿನಿಯಲ್ಲಿ 120 ಪೌಂಡು ತೂಕದ ಮಹಶೀರನ್ನು ಹಿಡಿದಿದ್ದರು. ಕಾವೇರೀ ಜಲಾನಯನದ ಡುಬ್ಬದ ಮಹಶೀರನ್ನು 2018ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿ ಸೇರಿಸಬೇಕಾಯಿತು. ಎಪ್ಪತ್ತೆರಡೇ ವರ್ಷಗಳ ಅಂತರ!

ಶತಪಥಬ್ರಾಹ್ಮಣದ ಮನುವಿನ ಕಥೆಯನ್ನು ವಾಚಕರು ಬಲ್ಲರು. ಕೈಗೆ ಸಿಕ್ಕ ಮರಿಮೀನನ್ನು ಅವನು ಮೊದಲು ಕುಂಭದಲ್ಲಿ, ಬೆಳೆದಂತೆ ಗುಂಡಿಯಲ್ಲಿ, ಕಡೆಗೆ ಸಮುದ್ರದಲ್ಲಿ ಇರಿಸಿದನು. ನಮ್ಮ ಹಿರಿಯರು ಒಂದು ಮಡುವನ್ನು ಕಾಪಾಡಿಕೊಟ್ಟರು. ಅದು ಕುಂಭಕ್ಕೆ ಸಮಾನವು. ಮಡುವಿನ ಎಲ್ಲೆ ದಾಟಿದ ಮೀನಿಗೂ ಅಭಯವಿರಬೇಕಾದರೆ ಹೊಳೆಯನ್ನೇ ಕಾಯಬೇಕು. ರಾಮನಾಥಪುರಕ್ಕೆ ಹೋಗುವ ಗೃಹಸ್ಥರು ಪುರಿಯನ್ನು ಮಿತವಾಗಿ ಹಾಕಲಿ. ಅದನ್ನು ತಂದ ಪ್ಲಾಸ್ಟಿಕ್ ಚೀಲವನ್ನೂ ಉಟ್ಟು ಬಿಟ್ಟ ಬಟ್ಟೆಯನ್ನೂ ನೀರಿಗೆಸೆಯದೆ ಮನೆಗೆ ಮರಳಿ ತರಲಿ. ಮಕ್ಕಳು ನೋಡಿ ಕಲಿಯುವುದು ಅದನ್ನೇ.